ಫ್ಯಾಕ್ಸಿನಲ್ಲಿ ಹೋದ ಪಾದ

ನಮ್ಮ ಮನೆಯಲ್ಲಿ ಒಂದು ಖಾಲಿ ಹಾಳೆ ಇದೆ. ಅದನ್ನು ಎಸೆಯುವ ಅಧಿಕಾರ ನನಗಿಲ್ಲ.

ದಸರೆ ಬಂತೆಂದರೆ ಮನೆಯ ಸಾಮಾನನ್ನೆಲ್ಲ ಹೊರಗೆ ಹಾಕಿ, ಒರೆಸಿ, ಮತ್ತೆ ಇದ್ದಲ್ಲೇ ಇಡುವ ಚಟ ನನಗೆ ಗದಗಿನಿಂದ ಅಂಟಿಕೊಂಡು ಬಂದದ್ದು. ಲಾಸ್ ಏಂಜಲೀಸ್ ಪಕ್ಕದ ವಾಲ್‌ನಟ್‌ನ ನಮ್ಮ ಮನೆಗೆ ಗದಗಿನ ಧೂಳು ಬರುವುದಿಲ್ಲ. ಆದರೂ ಚಟ ಬಿಡಬೇಕಲ್ಲ! ಹೀಗೆ ಒರೆಸುವಾಗ ಪ್ರತಿ ವರ್ಷ ನನ್ನ ಗಂಡನ ಮೇಜಿನ ಎರಡನೆಯ ಡ್ರಾಯರಿನಿಂದ ಆ ಹಾಳೆ ಹೊರಗೆ ಬೀಳುತ್ತದೆ. ನುಣುಪಾದ, ಅಂಚು ಸುರುಳಿ ಸುತ್ತಿಕೊಂಡ, ಹಿಂದೆ ಮುಂದೆ ಒಂದಕ್ಷರವೂ ಇಲ್ಲದ ಹಾಳೆ. ಹೋದ ವಾರವೂ ಬಿತ್ತು.

“ಏನ್ರೀ, ಈ ಬಿಳಿ ಹಾಳಿ ಇನ್ನೂ ಎಷ್ಟು ವರ್ಷ ಇಟ್ಕೊಂಡು ಕೂಡ್ತೀರಿ?” ಎಂದೆ.

“ಏಯ್ ಶೈಲಾ, ಎಸೀಬೇಡ್ವೇ! ಅದು ಅನಘಾ ಕಾಲು,” ಎಂದು ಪ್ರಸನ್ನ ಅಡುಗೆಮನೆಯಿಂದ ಓಡಿ ಬಂದರು.

ಬಂದ ಅತಿಥಿಗಳು ಯಾರಾದರೂ ಈ ಮಾತು ಕೇಳಿಸಿಕೊಂಡರೆ ನಮ್ಮಿಬ್ಬರ ತಲೆಯ ಬಗ್ಗೆ ಏನೆಂದುಕೊಂಡಾರು? ಅದಕ್ಕೇ ನಿಮಗಾದರೂ ಬಿಡಿಸಿ ಹೇಳುತ್ತೇನೆ. ಆ ಹಾಳೆಯ ಮೇಲೆ ಒಂದಾನೊಂದು ಕಾಲದಲ್ಲಿ ನಮ್ಮ ಮಗಳ ಬಲಗಾಲು ನಿಜವಾಗಿಯೂ ಇತ್ತು. ಅದು ಫ್ಯಾಕ್ಸಿನಲ್ಲಿ ಬಂದ ಹಾಳೆ. ಹಳೆಯ ಫ್ಯಾಕ್ಸ್ ಕಾಗದದ ಗುಣ ನಿಮಗೆ ಗೊತ್ತಲ್ಲ, ಅದರ ಮೇಲೆ ಮೂಡಿದ್ದು ಕೆಲವು ವರ್ಷಗಳಲ್ಲಿ ತಾನಾಗಿ ಮಾಸಿ ಹೋಗುತ್ತದೆ. ಮೊದಲು ಹಿಮ್ಮಡಿ ಹೋಯಿತು. ಆಮೇಲೆ ಕಿರುಬೆರಳು. ಕೊನೆಗೆ ಹೆಬ್ಬೆರಳು ಒಂದೇ ಉಳಿದು, ಕಳೆದ ವರ್ಷ ಅದೂ ಹೋಯಿತು. ಆ ಪಾದದ ಒಡತಿಗೆ ಈಗ ಹನ್ನೆರಡು ವರ್ಷ. ಅವಳ ಕಾಲು ನನ್ನ ಚಪ್ಪಲಿಗೆ ಸರಿಯಾಗಿ ಹೊಂದುವುದರಿಂದ ನನ್ನ ಚಪ್ಪಲಿಗಳೂ ಈಚೆಗೆ ಒಂದೊಂದಾಗಿ ಕಾಣೆಯಾಗುತ್ತಿವೆ.

ಮನುಷ್ಯರ ಕಾಲನ್ನು ಫ್ಯಾಕ್ಸ್ ಮಾಡುವ ಬುದ್ಧಿ ಯಾರಿಗೆ ಬಂತು ಎಂದು ಕೇಳಿದರೆ, ನನಗೇ. ಆದರೆ ತಪ್ಪು ನಮ್ಮ ಗುಂಡೂಕಾಕಾನದು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ನಾವು ಚಿಕ್ಕವರಿದ್ದಾಗ ಗದಗಿನ ನಮ್ಮ ಮನೆಯಲ್ಲಿ ಮಕ್ಕಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ಬೂಟು ಕೊಡಿಸುವ ಪದ್ಧತಿ ಇರಲಿಲ್ಲ. ಅಂಗಡಿಗೆ ಹೋಗುತ್ತಿದ್ದದ್ದು ಕಾಲಲ್ಲ, ಕಾಲಿನ ಅಳತೆ. ಶಾಲೆ ಶುರುವಾಗುವ ಮೊದಲು ಕಾಕಾ ಹುಬ್ಬಳ್ಳಿಗೆ ಹೊರಡುವ ಹಿಂದಿನ ಸಂಜೆ ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ, ಮನೆಯ ಏಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬಲಗಾಲಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಸಂಜೆಯೇ ಯಾಕೆಂದರೆ, “ಮುಂಜಾನೆ ಕಾಲು ಇನ್ನೂ ನಿದ್ದಿಯೊಳಗ ಇರ್ತಾವ. ಸಂಜೀಕ ಖರೇ ಸೈಜಿಗೆ ಬರ್ತಾವ” ಎಂಬುದು ಕಾಕಾನ ಸಿದ್ಧಾಂತ. ಪೆನ್ಸಿಲು ಒಳಪಾದದ ಹತ್ತಿರ ಬಂದಾಗ ತಡೆಯಲಾರದ ಕಚಗುಳಿ. ನಕ್ಕರೆ ಗೆರೆ ಕೆಡುತ್ತದೆ, ಗೆರೆ ಕೆಟ್ಟರೆ ಬೂಟು ಕೆಡುತ್ತದೆ. ಆದ್ದರಿಂದ ಅಂದು ಸಂಜೆ ನಮ್ಮ ಮನೆಯಲ್ಲಿ ನಗುವುದು ನಿಷಿದ್ಧ. ಪ್ರತಿ ಪಾದದ ಹೊಟ್ಟೆಯೊಳಗೆ ಹೆಸರು ಬರೆದು, ಕತ್ತರಿಸಿ, ಏಳೂ ಪಾದಗಳನ್ನು ಮಡಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡು ಕಾಕಾ ಬಸ್ಸು ಹತ್ತುತ್ತಿದ್ದರು.

ಒಂದು ವರ್ಷ ನಾನು ಮೋಸ ಮಾಡಿದೆ. ನನ್ನ ಅಕ್ಕನಿಗೆ ತಂದಿದ್ದ ಬಕಲಿನ ಬೂಟು ಚಿಕ್ಕ ಸೈಜಿನಲ್ಲಿ ಸಿಗುವುದಿಲ್ಲ ಎಂದು ತಿಳಿದಿತ್ತು. ಕಾಕಾ ಚಹಾಕ್ಕೆ ಎದ್ದಾಗ ನನ್ನ ಗೆರೆಯ ಹೊರಗೆ ಇನ್ನೊಂದು ಗೆರೆ ಎಳೆದುಬಿಟ್ಟೆ. ಬಕಲಿನ ಬೂಟು ಬಂತು. ಒಳಗೆ ನನ್ನ ಕಾಲು ಅತ್ತಿಂದಿತ್ತ ಓಡಾಡುತ್ತಿತ್ತು. ಸಿಕ್ಕಿಬಿದ್ದೆನೋ ಎಂದು ಹೆದರಿದ್ದೆ, ಯಾರಿಗೂ ಸಂಶಯವೇ ಬರಲಿಲ್ಲ. ಬೂಟು ದೊಡ್ಡದಿರುವುದು ನಮ್ಮ ಮನೆಯಲ್ಲಿ ದೋಷವೇ ಅಲ್ಲ, ಗುಣ. “ಶೈಲೂನ ಬೂಟು ನೋಡ್ರಿ, ಎರಡು ವರ್ಷ ಬಂದ್ವು” ಎಂದು ಕಾಕಾ ಮುಂದೆ ಎಷ್ಟೋ ಕಾಲ ಹೊಗಳಿಕೊಂಡರು. ನನ್ನ ಜೀವನದಲ್ಲಿ ಇಷ್ಟು ಮೆಚ್ಚುಗೆ ಪಡೆದ ಮೋಸ ಬೇರೊಂದಿಲ್ಲ.

ಇಂಥ ಹಿನ್ನೆಲೆಯಿಂದ ಬಂದವಳ ಮಗಳು ಐಸ್ ಮೇಲೆ ಜಾರಲು ಹೊರಟಳು ಎಂಬುದೇ ಒಂದು ತಮಾಷೆ. ಲಾಸ್ ಏಂಜಲೀಸಿನ ಸುತ್ತಮುತ್ತ ಹಿಮ ನೋಡಬೇಕೆಂದರೆ ದೂರದ ಬೆಟ್ಟ ಹತ್ತಬೇಕು. ಆದರೆ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಕಾರು ನಿಲ್ಲಿಸಿ, ಒಂದು ಬಾಗಿಲು ತಳ್ಳಿ ಒಳಗೆ ಹೋದರೆ ಹಲ್ಲು ಕಟಕಟ ಎನ್ನುವ ಚಳಿ, ಆ ತುದಿಯಿಂದ ಈ ತುದಿಯವರೆಗೆ ಐಸಿನ ನೆಲ. ಅದಕ್ಕೆ ಇಲ್ಲಿ ರಿಂಕು ಎನ್ನುತ್ತಾರೆ. ಅನಘಾ ತನ್ನ ಕ್ಲಾಸಿನ ಹುಡುಗಿಯೊಬ್ಬಳ ಬರ್ತ್‌ಡೇಗೆ ಅಲ್ಲಿ ಹೋಗಿ, ಹದಿನೆಂಟು ಸಲ ಬಿದ್ದು, ಮನೆಗೆ ಬಂದು ಸ್ಕೇಟಿಂಗ್ ಕಲಿಯುತ್ತೇನೆ ಎಂದಳು. ಆಗ ಅವಳಿಗೆ ಏಳು ವರ್ಷ. ಬಿದ್ದ ಕಡೆಯೇ ಮತ್ತೆ ಹೋಗಬೇಕೆನ್ನುವ ಈ ಗುಣ ಅವಳಿಗೆ ನನ್ನಿಂದ ಬಂದದ್ದಲ್ಲ.

ಅವಳ ಅಪ್ಪನಿಂದ ಬಂದಿರಬೇಕು. ಅದರ ಹಿಂದಿನ ವರ್ಷವಷ್ಟೇ ಪ್ರಸನ್ನ ಬಿದ್ದು ಎದ್ದಿದ್ದರು. ಅವರು ಟೆಲಿಕಾಂ ಇಂಜಿನಿಯರು. ಕಂಪನಿ ಒಂದು ಶುಕ್ರವಾರ ಅರ್ಧ ಆಫೀಸನ್ನು ಮನೆಗೆ ಕಳಿಸಿತು. ಎಂಟು ತಿಂಗಳು ಅವರು ಮನೆಯಲ್ಲಿದ್ದರು. ಅನಘಾಳನ್ನು ಶಾಲೆಗೆ ಬಿಡುವುದು, ಕರೆತರುವುದು, ಅವಳ ಜಡೆ ಹೆಣೆಯುವುದು, ಬೆಳಿಗ್ಗೆ ಹತ್ತು ಕಡೆ ಅಪ್ಲೈ ಮಾಡುವುದು, ಸಂಜೆ ಹತ್ತೂ ಕಡೆಯಿಂದ ಉತ್ತರ ಬಂದಿಲ್ಲವೆಂದು ನೋಡುವುದು. ಜಡೆ ಹೆಣೆಯುವುದರಲ್ಲಿ ಮಾತ್ರ ಅವರು ದಿನದಿನಕ್ಕೂ ಪ್ರಗತಿ ಸಾಧಿಸಿದರು. ಫೋನುಗಳು ಒಂದರ ಮೇಲೊಂದು ಬರುತ್ತಿದ್ದವು. ಗದಗಿನಿಂದ ಅಮ್ಮ, ಬೆಂಗಳೂರಿನಿಂದ ನಾದಿನಿ, ಪಕ್ಕದ ಊರು ಡೈಮಂಡ್ ಬಾರ್‌ನಿಂದ ಗೆಳತಿಯರು. ಎಲ್ಲರದೂ ಒಂದೇ ಪ್ರಶ್ನೆ: ಮುಂದೆ ಅವರು ಏನು ಮಾಡ್ತಾರೆ? ಕೇಳುವವರು ಕೇಳಿದರು. ಆದರೆ ನಾನೂ ಅಡುಗೆಮನೆಯಲ್ಲಿ ಫೋನು ಕಿವಿಗೆ ಒತ್ತಿಕೊಂಡು, “ಅದ ನನಗೂ ತಿಳೀವಲ್ತು ನೋಡ್ರಿ, ಮುಂದ ಅವರು ಏನ್ ಮಾಡ್ತಾರ?” ಎಂದು ಅದನ್ನೇ ತಿರುಗಿಸಿ ಕೇಳುತ್ತಿದ್ದೆ. ಮಗಳು ಪಕ್ಕದ ಮೇಜಿನಲ್ಲಿ ಕೂತು ಬಣ್ಣ ಹಚ್ಚುತ್ತಿರುತ್ತಿದ್ದಳು. ಅವಳಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ ಎಂಬ ಧೈರ್ಯ ನನಗೆ.

ಕೊನೆಗೆ ಕೆಲಸ ಸಿಕ್ಕಿತು, ಸ್ಯಾನ್ ಡಿಯಾಗೋದಲ್ಲಿ. ಟ್ರಾಫಿಕ್ ಇಲ್ಲದಿದ್ದರೆ ಎರಡು ತಾಸಿನ ದಾರಿ, ಟ್ರಾಫಿಕ್ ಇಲ್ಲದ ದಿನ ನಾವು ಇನ್ನೂ ನೋಡಿಲ್ಲ. ನನ್ನ ಕೆಲಸ ಬರ್ಬ್ಯಾಂಕ್‌ನ ಒಂದು ಸ್ಟುಡಿಯೋದಲ್ಲಿ, ಮಗಳ ಶಾಲೆ ವಾಲ್‌ನಟ್‌ನಲ್ಲಿ. ಒಳ್ಳೆಯ ಶಾಲೆ ಬೇಕೆಂದು ಮನೆ ಕೊಂಡೆವು, ಮನೆ ಉಳಿಯಲೆಂದು ಇಬ್ಬರೂ ಕೆಲಸಕ್ಕೆ ಹೋದೆವು, ಕೆಲಸ ಉಳಿಯಲೆಂದು ಮನೆಯನ್ನೇ ಎರಡು ಊರು ಮಾಡಿದೆವು. ಇದನ್ನೆಲ್ಲ ಬಹಳ ಯೋಚಿಸಿ ಮಾಡಿದ್ದು. ಪ್ರಸನ್ನ ಅಲ್ಲಿ ಒಂದು ರೂಮು ಹಿಡಿದರು. ಶುಕ್ರವಾರ ಸಂಜೆ ಬರುವುದು, ಸೋಮವಾರ ನಸುಕಿಗೆ ಹೊರಡುವುದು. ಹೀಗಾಗಿ ಶನಿವಾರ ನಮ್ಮ ಮನೆಯ ದೊಡ್ಡ ಹಬ್ಬ: ಬೆಳಿಗ್ಗೆ ಸ್ಕೇಟಿಂಗ್ ಕ್ಲಾಸು, ಅಲ್ಲಿಂದ ನೇರ ಆರ್ಟೀಸಿಯಾ, ಅಲ್ಲಿಯ ನಮ್ಮವರ ಅಂಗಡಿಗಳಲ್ಲಿ ತರಕಾರಿ, ಬೇಳೆ, ಒಂದು ಡಬ್ಬಿ ಸಿಹಿ.

ಮೂರನೆಯ ಶನಿವಾರ ಅನಘಾಳ ಕೋಚ್ ಡಾನಾ ನಮ್ಮನ್ನು ಪಕ್ಕಕ್ಕೆ ಕರೆದರು. ಬಾಡಿಗೆಯ ಸ್ಕೇಟ್ಸ್ ಸಾವಿರ ಕಾಲು ಹೊಕ್ಕು ಮೆತ್ತಗಾಗಿರುತ್ತವೆ, ಮಗುವಿನ ಕಣಕಾಲು ಒಳಕ್ಕೆ ವಾಲುತ್ತಿದೆ, ಅವಳಿಗೆ ಇಷ್ಟವಿದೆ, ಕಾಲಿಗೆ ಸರಿಯಾಗಿ ಕೂಡುವ ಸ್ವಂತ ಜೊತೆ ಕೊಡಿಸಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಪ್ರಸನ್ನ, “ನಾನು ತರ್ತೀನಿ! ನಮ್ಮ ಆಫೀಸ್ ಹತ್ರಾನೇ ಒಂದು ಸ್ಕೇಟ್ ಅಂಗಡಿ ಇದೆ,” ಎಂದು ಕೈ ಎತ್ತಿದರು. ಶಾಲೆಯ ಹುಡುಗರು ಉತ್ತರ ಗೊತ್ತಿದ್ದಾಗ ಎತ್ತುವ ಹಾಗೆ. ವಾರದ ಐದು ದಿನ ಮಗಳಿಗಾಗಿ ಮಾಡಲು ಅವರ ಕೈಗೆ ಏನೂ ಸಿಗುತ್ತಿರಲಿಲ್ಲ. ಜಡೆ ಕೂಡ ಈಗ ನಾನೇ ಹೆಣೆಯುತ್ತಿದ್ದೆ, ಅದೂ ಕೆಟ್ಟದಾಗಿ.

ಪ್ರಸನ್ನ ಯಾವುದನ್ನೂ ಓದದೆ ಕೊಳ್ಳುವವರಲ್ಲ. ಟೋಸ್ಟರು ಕೊಳ್ಳಲು ಹದಿನಾಲ್ಕು ಪುಟ ಪ್ರಿಂಟ್ ತೆಗೆದವರು, ಸ್ಕೇಟ್ಸಿಗೆ ಮೂವತ್ತು ಪುಟ ತೆಗೆದರು. ಮಂಗಳವಾರ ಫೋನಿನಲ್ಲಿ ನನಗೆ ಪಾಠವಾಯಿತು. ಬೆಳೆಯುವ ಕಾಲು ಎಂದು ದೊಡ್ಡದು ಕೊಳ್ಳುವುದೇ ತಂದೆತಾಯಿಗಳು ಮಾಡುವ ಮಹಾಪರಾಧ. ಸ್ಕೇಟ್ಸ್ ಬಿಗಿಯಾಗಿರಬೇಕು. ಶಾಲೆಗೆ ಹಾಕುವ ಶೂಗಿಂತ ಒಂದು ಸೈಜು ಕಡಿಮೆ.

“ನಿಮ್ಮ ಗದಗಿನ ಪದ್ಧತಿ ಇಲ್ಲಿ ನಡಿಯಲ್ಲಮ್ಮ,” ಎಂದರು.

“ಆತ್ರಿ. ಬೆಂಗಳೂರಿನ ಪದ್ಧತಿ ಹೆಂಗದ ಅದನ್ನೂ ನೋಡೇ ಬಿಡೂಣು,” ಎಂದೆ. ನನ್ನ ಬಕಲಿನ ಬೂಟಿನ ಕಥೆಯನ್ನು ಮದುವೆಯಾದ ಹೊಸದರಲ್ಲಿ ಹೇಳಿದ್ದು ತಪ್ಪಾಯಿತು.

ಬುಧವಾರ ಹೊಳೆಯಿತು: ಅಂಗಡಿ ಸ್ಯಾನ್ ಡಿಯಾಗೋದಲ್ಲಿದೆ, ಕಾಲು ವಾಲ್‌ನಟ್‌ನಲ್ಲಿದೆ. ಅವಳ ಶಾಲೆಯ ಶೂ ಹಳೆಯದು, ಅದರ ನಂಬರು ನಂಬುವಂತಿಲ್ಲ. ಆಗ ನನ್ನೊಳಗೆ ಗುಂಡೂಕಾಕಾ ಎದ್ದು ನಿಂತರು. ಸಂಜೆಯವರೆಗೆ ಕಾದು, ಅಡುಗೆಮನೆಯ ನೆಲದ ಮೇಲೆ ಬಿಳಿ ಹಾಳೆ ಇಟ್ಟು, ಮಗಳನ್ನು ನಿಲ್ಲಿಸಿದೆ.

“ನಗಬ್ಯಾಡ. ನಕ್ಕರ ಬೂಟು ಕೆಡ್ತದ.”

“ವೈ?” ಎಂದಳು. ಇಪ್ಪತ್ತೈದು ವರ್ಷ ಹಿಂದೆ ಏಳು ಮಕ್ಕಳಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಪಾದದೊಳಗೆ ಅವಳ ಹೆಸರು ಬರೆದು, ಮರುದಿನ ಸ್ಟುಡಿಯೋದಿಂದ ಪ್ರಸನ್ನರ ಆಫೀಸಿಗೆ ಫ್ಯಾಕ್ಸ್ ಮಾಡಿದೆ. ನನ್ನ ಹಿಂದೆ ಸಾಲಿನಲ್ಲಿದ್ದವನು ಹಾಳೆಯನ್ನು ನೋಡಿ, ಯಾವುದಾದರೂ ಪತ್ತೇದಾರಿ ಸಿನಿಮಾದ್ದೇ ಎಂದು ಗೌರವದಿಂದ ಕೇಳಿದ. ಹೌದು ಎಂದೆ.

ಶುಕ್ರವಾರ ಸಂಜೆ ಸ್ಕೇಟ್ಸ್ ಬಂದವು. ಹಾಲಿನಂಥ ಬಿಳುಪು, ಕೆಳಗೆ ಹೊಳೆಯುವ ಬ್ಲೇಡು. ಅನಘಾ ಪೆಟ್ಟಿಗೆ ತೆರೆದು ಕುಣಿದಳು, ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಆಮೇಲೆ ಕಾಲು ಹಾಕಿದಳು. ಕಾಲು ಒಳಗೆ ಹೋಗಲಿಲ್ಲ.

“ಬಿಗಿ ಇರ್ಬೇಕು ಪುಟ್ಟಿ, ಅದೇ ರೂಲು,” ಎಂದರು ಪ್ರಸನ್ನ. ಆ ಮೂವತ್ತು ಪುಟಗಳಲ್ಲಿ ಹೊಸ ಚರ್ಮ ಹದಕ್ಕೆ ಬರಲು ಕೆಲವು ವಾರ ಬೇಕು ಎಂದೂ ಇತ್ತಂತೆ. ಮೂವತ್ತು ಪುಟ ಓದಿದವರಿಗೆ ಎಲ್ಲದಕ್ಕೂ ಒಂದು ಪುಟ ಸಿಗುತ್ತದೆ.

ಅಂದಿನಿಂದ ಪ್ರತಿ ಶನಿವಾರ ರಿಂಕಿನ ಬೆಂಚಿನ ಬಳಿ ಒಂದು ಕಾರ್ಯಕ್ರಮ ಶುರುವಾಯಿತು. ಉಳಿದ ಮಕ್ಕಳು ಐದು ನಿಮಿಷದಲ್ಲಿ ಸ್ಕೇಟ್ಸ್ ಹಾಕಿಕೊಂಡು ಐಸಿಗೆ ಇಳಿಯುತ್ತಿದ್ದರು. ನಮ್ಮವಳು ಬೆಂಚಿನ ಮೇಲೆ, ನಮ್ಮವರು ರಬ್ಬರು ನೆಲದ ಮೇಲೆ ಮೊಣಕಾಲೂರಿ. ಲೇಸನ್ನು ತಳದವರೆಗೆ ಸಡಿಲಿಸುವುದು, ಬೂಟಿನ ನಾಲಿಗೆಯನ್ನು ಹೊರಗೆಳೆಯುವುದು, ಹಿಮ್ಮಡಿ ತಳ್ಳುವುದು, ಮತ್ತೆ ಎಳೆಯುವುದು, “ಉಸಿರು ಬಿಡು, ಈಗ ಒತ್ತು” ಎನ್ನುವುದು. ಅವಳು ಎರಡೂ ಕೈಯಿಂದ ಅಪ್ಪನ ತಲೆ ಹಿಡಿದುಕೊಂಡು ಒತ್ತುತ್ತಿದ್ದಳು. ಒಂದು ಕಾಲಿಗೆ ಹತ್ತು ನಿಮಿಷ. ಅಷ್ಟು ಹೊತ್ತೂ ಇಬ್ಬರ ಮಾತು. ಶಾಲೆಯಲ್ಲಿ ಯಾರ ಹಲ್ಲು ಬಿತ್ತು, ಅಪ್ಪನ ರೂಮಿನ ಕಿಟಕಿಗೆ ಬರುವ ಬೆಕ್ಕಿಗೆ ಮರಿ ಆಯಿತೇ ಇಲ್ಲವೇ, ಅಪ್ಪ ರಾತ್ರಿ ಏನು ತಿಂದ. ಅವಳು ಇಂಗ್ಲಿಷಿನಲ್ಲಿ, ಅವರು ಕನ್ನಡದಲ್ಲಿ. ಬಿಚ್ಚುವಾಗ ಮತ್ತೆ ಅಷ್ಟೇ ಹೊತ್ತು.

ನಾನು ಎರಡು ಸ್ವೆಟರು, ಶಾಲು, ಮಂಕಿ ಕ್ಯಾಪು ಹಾಕಿಕೊಂಡು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. “ಲಗೂ ಮಾಡ್ರಿ, ಕ್ಲಾಸ್ ಶುರು ಆತು!” ಆಮೇಲೆ, “ಲಗೂ ಬಿಚ್ಚರಿ, ಆರ್ಟೀಸಿಯಾದಾಗ ಎಳೆ ಬೆಂಡಿಕಾಯಿ ಮುಗದು ಹೋಗ್ತಾವ!” ಒಬ್ಬ ತಂದೆ ಮತ್ತು ಮಗಳಿಗೆ ಇಡೀ ವಾರದಲ್ಲಿ ಸಿಕ್ಕ ನಲವತ್ತು ನಿಮಿಷವನ್ನು ನಾನು ಬೆಂಡೆಕಾಯಿಯಿಂದ ಅಳೆಯುತ್ತಿದ್ದೆ ಎಂದು ಈಗ ಅನ್ನಿಸಿ ನಾಚಿಕೆಯಾಗುತ್ತದೆ. ಆಗ ಅನ್ನಿಸುತ್ತಿದ್ದದ್ದು ಬೆಂಡೆಕಾಯಿ ಮಾತ್ರ.

“ಹೇಗಿದೆ ಅನಘಾ, ಕಾಲಿಗೆ ಹಿತವಾಗಿದೆಯೇ?” ಎಂದು ಕೋಚ್ ಡಾನಾ ಆಗಾಗ ಕೇಳುತ್ತಿದ್ದರು. ಅವಳು ಬಾಯಿ ತೆರೆಯುವುದರೊಳಗೆ ಪ್ರಸನ್ನ “ಪರ್ಫೆಕ್ಟ್” ಎನ್ನುತ್ತಿದ್ದರು. ನಾನು “ಹೊಸಾದು, ಹಂಗ ಇರ್ತದ” ಎಂಬುದನ್ನು ನನ್ನ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಮಕ್ಕಳಿಗೆ ಕೇಳಿದ ಪ್ರಶ್ನೆಗೆ ನಾವೇ ಉತ್ತರ ಕೊಡುವುದು ನಮ್ಮ ಕಡೆಯ ಹಳೆಯ ವಿದ್ಯೆ. ಡಾಕ್ಟರು “ಎಲ್ಲಿ ನೋವಮ್ಮ?” ಎಂದರೆ ಅಮ್ಮನ ಕೈ ತಾನಾಗಿ ಮಗುವಿನ ಹೊಟ್ಟೆ ತೋರಿಸುತ್ತದೆ. ನಾವಿಬ್ಬರೂ ಹೇಳಿ ಮುಗಿಸಿದ ಮೇಲೆ ಅನಘಾ, “ಇಟ್ಸ್ ಫೈನ್” ಎನ್ನುತ್ತಿದ್ದಳು. ಆದರೆ ಐಸಿನ ಮೇಲೆ ಅವಳು ಸುಡುವ ಹಂಚಿನ ಮೇಲೆ ನಡೆದ ಹಾಗೆ ಹೋಗುತ್ತಿದ್ದಳು. ಬೇರೆ ಮಕ್ಕಳು ಹಿಂದಕ್ಕೆ ಜಾರಲು ಕಲಿತರು. ಇವಳು ಗೋಡೆಯ ಪಕ್ಕದಿಂದ ಮಧ್ಯಕ್ಕೆ ಬರಲಿಲ್ಲ. ಆ ಬರ್ತ್‌ಡೇ ದಿನ ಹದಿನೆಂಟು ಸಲ ಬಿದ್ದು ನಗುತ್ತಾ ಬಂದ ಹುಡುಗಿ ಈಗ ಒಂದು ಸಲವೂ ಬೀಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಬಹುಶಃ ಅವಳಿಗೆ ಆಸಕ್ತಿ ಹೋಗಿದೆ, ಭರತನಾಟ್ಯಕ್ಕೆ ಹಾಕಿದರಾಯಿತು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಏಳನೆಯ ವಾರ, ಭಾನುವಾರ. ಭಾನುವಾರ ನಮ್ಮಲ್ಲಿ ಎಣ್ಣೆ ನೀರು. ಅಮೆರಿಕದಲ್ಲಿ ಹುಟ್ಟಿದ ಮಗುವಿಗೂ ಅದರಿಂದ ವಿನಾಯಿತಿ ಇಲ್ಲ. ತಲೆಗೆ ಹಚ್ಚಿ, ಬೆನ್ನಿಗೆ ಹಚ್ಚಿ, ಕಾಲಿಗೆ ಬಂದೆ. ಹಿಂದಿನ ಕೆಲವು ವಾರ “ಐ ವಿಲ್ ಡೂ ಇಟ್” ಎಂದು ಕಾಲು ಎಳೆದುಕೊಳ್ಳುತ್ತಿದ್ದಳು, ದೊಡ್ಡವಳಾಗುತ್ತಿದ್ದಾಳೆ ಎಂದು ನಾನು ಹಿಗ್ಗಿದ್ದೆ. ಅಂದು ಬಿಡಲಿಲ್ಲ. ಹಿಡಿದು ನೋಡಿದರೆ ಎರಡೂ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣ.

“ಅಯ್ಯ, ಏನವಾ ಇದು! ಯಾಕ ಹೇಳಲಿಲ್ಲ ನೀ?”

“ಇಟ್ಸ್ ನಥಿಂಗ್, ಅಮ್ಮಾ.” ಆಮೇಲೆ ಎಣ್ಣೆಯ ಮುಖ ಎತ್ತಿ, ತೀರಾ ಮೆಲ್ಲಗೆ: “ಡೋಂಟ್ ಟೆಲ್ ಅಪ್ಪಾ.”

ಹೇಳಬೇಡ ಎಂದದ್ದನ್ನು ನಾನು ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದೆ. ಪ್ರಸನ್ನ ಬಂದರು, ನೋಡಿದರು, ಮುಖ ಬಿಳಿಚಿತು. ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮೂಲ ಪಾದವನ್ನು ಕಿತ್ತು ತಂದೆ. ಅವರು ತಮ್ಮ ಚೀಲದಿಂದ ಫ್ಯಾಕ್ಸಿನ ಪಾದವನ್ನು ತಂದರು. ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆವು. ಮಗಳ ಕಾಲು ಬರ್ಬ್ಯಾಂಕ್‌ನಿಂದ ಸ್ಯಾನ್ ಡಿಯಾಗೋಕ್ಕೆ ಹೋಗುವುದರೊಳಗೆ ಅರ್ಧ ಇಂಚು ಸವೆದಿತ್ತು.

ಫ್ಯಾಕ್ಸ್ ಯಂತ್ರ ಹಾಳೆಯ ತಲೆಯ ಮೇಲೆ ತಾರೀಖು, ಫೋನ್ ನಂಬರು ಅಚ್ಚು ಹಾಕಲು ಜಾಗ ಮಾಡಿಕೊಳ್ಳಬೇಕಲ್ಲ, ಅದಕ್ಕಾಗಿ ಇಡೀ ಪುಟವನ್ನು ತುಸು ಕುಗ್ಗಿಸಿತ್ತು. ಆ ಕುಗ್ಗಿದ ಕಾಲಿಗೆ ಪ್ರಸನ್ನ ನಿಯಮದ ಪ್ರಕಾರ ಇನ್ನೂ ಒಂದು ಸೈಜು ಕಡಿಮೆ ತಂದಿದ್ದರು. ಈಗ ಕೇಳಿ ತಮಾಷೆ. ಒಂದು ಕಡೆಯಿಂದ ಕಳಿಸಿದ್ದು ಇನ್ನೊಂದು ಕಡೆ ಚೂರೂ ಕೆಡದೆ ತಲುಪುವಂತೆ ನೋಡಿಕೊಳ್ಳುವುದು ನನ್ನ ಗಂಡನ ವೃತ್ತಿ. ಚಿತ್ರಗಳನ್ನು ದೊಡ್ಡದು ಚಿಕ್ಕದು ಮಾಡುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಇಬ್ಬರು ತಜ್ಞರ ನಡುವೆ ಒಂದು ಮಗುವಿನ ಕಾಲು ಸಿಕ್ಕಿಹಾಕಿಕೊಂಡಿತ್ತು. ಪೆನ್ಸಿಲಿನ ಹಾಳೆಯನ್ನು ಬಸ್ಸಿನಲ್ಲಿ ಒಯ್ಯುತ್ತಿದ್ದ ಗುಂಡೂಕಾಕಾನ ಕೈಯಲ್ಲಿ ಏಳು ಪಾದಗಳಲ್ಲಿ ಒಂದೂ ಕುಗ್ಗಿರಲಿಲ್ಲ.

“ನಿಮ್ಮ ಮಶೀನಿಂದ ತಪ್ಪು,” ಎಂದೆ.

“ಕಳಿಸಿದ್ದು ನಿನ್ನ ಮಶೀನು,” ಎಂದರು. ಆದರೆ ಜಗಳಕ್ಕೆ ಅವರಲ್ಲಿ ಕಸುವಿರಲಿಲ್ಲ. ಬಚ್ಚಲಮನೆಯ ಹೊಸ್ತಿಲ ಮೇಲೆ ಕೂತು, ಎಣ್ಣೆಯ ಪಾದವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. “ಏಳು ವಾರ ನಾನೇ ನನ್ನ ಕೈಯಾರೆ ತುರುಕಿದೀನಲ್ಲೇ ಶೈಲಾ,” ಎಂದರು. ತುರುಕಿದ್ದು ಅವರು, ಪಕ್ಕದಲ್ಲಿ ನಿಂತು ಬೇಗ ತುರುಕಿ ಎಂದದ್ದು ನಾನು.

ಮುಂದಿನ ಶನಿವಾರ ಕ್ಲಾಸು ತಪ್ಪಿಸಿ ಮೂವರೂ ಸ್ಯಾನ್ ಡಿಯಾಗೋಕ್ಕೆ ಹೋದೆವು. ಈ ಸಲ ಕಾಲನ್ನೇ ಕರೆದೊಯ್ದೆವು. ಅಂಗಡಿಯ ಹ್ಯಾಲ್ ಎಂಬ ಮುದುಕರು ಎರಡೂ ಹಾಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನಲವತ್ತು ವರ್ಷದಿಂದ ಸ್ಕೇಟ್ಸ್ ಮಾರುತ್ತಿದ್ದೇನೆ, ಕಾಲು ಫ್ಯಾಕ್ಸಿನಲ್ಲಿ ಬಂದದ್ದು ಇದೇ ಮೊದಲು ಎಂದರು. ನಾನು ಅವಳಿಗೆ ಹಾಕಿದ್ದ ಎರಡು ಜೊತೆ ಉಣ್ಣೆಯ ಸಾಕ್ಸು ತೆಗೆಸಿ, ತೆಳ್ಳನೆಯದು ಒಂದನ್ನೇ ಹಾಕಿಸಿದರು. ಹೊಸ ಸ್ಕೇಟ್ಸ್ ತೊಡಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿ, ನಿಲ್ಲಿಸಿ ಕೇಳಿದರು: “ನೇರ ನಿಂತಾಗ ಬೆರಳು ತುದಿಗೆ ಮುಟ್ಟುತ್ತಾ?”

“ಮುಟ್ಟುತ್ತೆ,” ಎಂದರು ಪ್ರಸನ್ನ.

“ಇಲ್ಲರೀ, ಮುಟ್ಟಬಾರದಲ್ಲ?” ಎಂದೆ ನಾನು.

ಹ್ಯಾಲ್ ನಮ್ಮ ಕಡೆ ನೋಡದೆಯೇ ಅಂಗೈ ಎತ್ತಿ ತಡೆದರು. “ನೀವಿಬ್ಬರೂ ಅಲ್ಲಿ ಕುರ್ಚಿಯಲ್ಲಿ ಕೂತುಕೊಳ್ಳಿ. ನಾನು ಕಾಲನ್ನು ಕೇಳುತ್ತಿದ್ದೇನೆ,” ಎಂದರು. ಕೂತೆವು. ಶಾಲೆ ಬಿಟ್ಟ ಮೇಲೆ ಹಾಗೆ ಕೂತದ್ದು ಅದೇ ಮೊದಲು.

ಅನಘಾ ಯೋಚಿಸಿದಳು. ಮುಟ್ಟಿಯೂ ಮುಟ್ಟದ ಹಾಗಿದೆ ಎಂದಳು. ಮೊಣಕಾಲು ಬಗ್ಗಿಸು ಎಂದರು. ಈಗ ಬೆರಳು ಹಿಂದೆ ಸರಿಯಿತು ಎಂದಳು. ಹಿಮ್ಮಡಿ ಮೇಲೇಳುತ್ತಾ? ಇಲ್ಲ. ಬೆರಳು ಆಡಿಸಬಹುದಾ? ಆಡಿಸಿದಳು, ನಕ್ಕಳು. ಅವಳು ಇಷ್ಟು ವಿವರವಾಗಿ ತನ್ನ ಬಗ್ಗೆ ಮಾತಾಡಬಲ್ಲಳು ಎಂಬುದು ನನಗೆ ಗೊತ್ತಿರಲಿಲ್ಲ. ಬೆರಳಿನ ಹತ್ತಿರ ಲೇಸು ಸಡಿಲ, ಪಾದ ಮಡಚುವಲ್ಲಿ ಬಿಗಿ, ಮೇಲೆ ಮತ್ತೆ ಸಡಿಲ ಎಂದು ಹ್ಯಾಲ್ ಕಟ್ಟಿ ತೋರಿಸಿದರು. ಬಿಚ್ಚಿ, ನೀನು ಕಟ್ಟು ಎಂದರು. ಅವಳು ತುಟಿ ಕಚ್ಚಿಕೊಂಡು ಕಟ್ಟಿದಳು. ಮೂರು ನಿಮಿಷ.

“ಭೇಷ್. ಸರಿಯಾದ ಸ್ಕೇಟ್ಸಿನ ಲಕ್ಷಣವೇ ಇದು. ಇನ್ನು ಮೇಲೆ ಎಲ್ಲ ನೀನೇ ಹಾಕಿಕೊಳ್ಳಬಹುದು. ಯಾರ ಸಹಾಯವೂ ಬೇಡ,” ಎಂದು ಹ್ಯಾಲ್ ಅವಳ ಬೆನ್ನು ತಟ್ಟಿದರು.

ಅವಳ ಮುಖದ ಮೇಲಿದ್ದ ನಗು ಇಳಿದುಹೋಯಿತು. ಲೇಸು ಬಿಚ್ಚಿದಳು. ಹೊಸ ಸ್ಕೇಟ್ಸನ್ನು ಪಕ್ಕಕ್ಕಿಟ್ಟು, ನಾವು ವಾಪಸು ತಂದಿದ್ದ 'ಏಳು ವಾರದ' ಜೊತೆಯನ್ನು ತೊಡೆಯ ಮೇಲೆ ಎಳೆದುಕೊಂಡು, “ಐ ವಾಂಟ್ ದೀಸ್” ಎಂದಳು.

“ಹುಚ್ಚಿ, ಅವು ಕಾಲಿಗೆ ಸಣ್ಣು ಆಗ್ಯಾವ. ಉಗುರು ನೋಡ್ಕೋ ಹೆಂಗಾಗೇದ!” ಎಂದು ನಾನು ಕುರ್ಚಿಯಿಂದ ಎದ್ದೆ.

“ಅದ್ಯಾಕೆ ಪುಟ್ಟಿ? ಹೊಸದು ಚೆನ್ನಾಗಿಲ್ವಾ?” ಎಂದರು ಪ್ರಸನ್ನ.

ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಆಮೇಲೆ ನನ್ನನ್ನು ನೋಡಿ, ಇಷ್ಟು ಸರಳ ವಿಷಯ ನಿಮಗೆ ತಿಳಿಯುವುದಿಲ್ಲವೇ ಎನ್ನುವ ಹಾಗೆ ಕೇಳಿದಳು:

“ದೆನ್ ವಾಟ್ ವಿಲ್ ಅಪ್ಪಾ ಡೂ?”

ಹಾಗಾದರೆ ಅಪ್ಪ ಏನು ಮಾಡ್ತಾರೆ? ನಾನು ಎಂಟು ತಿಂಗಳು ಅಡುಗೆಮನೆಯಲ್ಲಿ ನಿಂತು ಊರಿಗೆಲ್ಲ ಕೇಳಿದ ಪ್ರಶ್ನೆ. ಇಂಗ್ಲಿಷಿಗೆ ಹೋಗಿದ್ದರೂ ನನ್ನದೇ ಧ್ವನಿ, ನನ್ನದೇ ಆತಂಕ, ಚೂರೂ ಕುಗ್ಗದೆ ಬಂದಿತ್ತು. ಕನ್ನಡ ಬರುವುದಿಲ್ಲವೆಂದು ನಾನು ಅಂದುಕೊಂಡಿದ್ದ ಹುಡುಗಿ, ಅಪ್ಪನಿಗೆ ಮತ್ತೆ ಕೆಲಸವಿಲ್ಲದಂತೆ ಆಗಬಾರದೆಂದು ಏಳು ವಾರ ಬೆರಳು ಮಡಚಿಕೊಂಡು ಐಸಿನ ಮೇಲೆ ನಡೆದಿದ್ದಳು. ಪ್ರಸನ್ನ ಗೋಡೆಗೆ ನೇತುಹಾಕಿದ್ದ ಲೇಸುಗಳ ಕಡೆ ತಿರುಗಿ, ಬಹಳ ಹೊತ್ತು ಅವುಗಳ ಬಣ್ಣ ನೋಡುತ್ತಾ ನಿಂತರು. ಅಲ್ಲಿದ್ದವು ಎಲ್ಲವೂ ಬಿಳಿಯವೇ.

ಹಳೆಯ ಜೊತೆ ಅಂಗಡಿಯಲ್ಲೇ ಉಳಿಯಿತು. ಮನೆಗೆ ಬರುವ ದಾರಿಯಲ್ಲಿ ನಾನು ಎರಡು ಸಲ ಟ್ರಾಫಿಕ್ ಬೈದೆ, ಅದೂ ಕಣ್ಣೊರೆಸಿಕೊಳ್ಳಲು ಮುಖ ಆಚೆ ತಿರುಗಿಸುವ ನೆಪಕ್ಕೆ.

ಮುಂದಿನ ಶನಿವಾರ ಮತ್ತೆ ರಿಂಕು, ಅದೇ ಬೆಂಚು. ಪ್ರಸನ್ನ ಚೀಲ ಹೊತ್ತು ತಂದು ಇಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟು, ತೆಗೆದು, ಮತ್ತೆ ಇಟ್ಟು ನಿಂತರು. ಅನಘಾ ಎಡಗಾಲಿನ ಸ್ಕೇಟ್ ತೊಟ್ಟು, ಹ್ಯಾಲ್ ಹೇಳಿಕೊಟ್ಟ ಹಾಗೆ ಕೆಳಗೆ ಸಡಿಲ, ನಡುವೆ ಬಿಗಿ, ಮೇಲೆ ಸಡಿಲ ಕಟ್ಟಿ, ಗಂಟು ಹಾಕಿ, ಒಮ್ಮೆ ಎಳೆದು ನೋಡಿದಳು. ಎಲ್ಲ ಸರಿಯಾಗಿತ್ತು. ಆಮೇಲೆ ಹಿಂದಕ್ಕೆ ಒರಗಿ ಕೂತು, ಬಲಗಾಲನ್ನು ಅಪ್ಪನ ಕಡೆಗೆ ಚಾಚಿದಳು.

ಪ್ರಸನ್ನ ಮೊಣಕಾಲೂರಿ ಕೂತರು. ಅವಳು ರೂಢಿಯಂತೆ ಎರಡೂ ಕೈಯಿಂದ ಅವರ ತಲೆ ಹಿಡಿದುಕೊಂಡಳು. ಕಾಲು ಒಂದೇ ಸಲಕ್ಕೆ ಸುಮ್ಮನೆ ಒಳಗೆ ಹೋಯಿತು. ಹೋದರೂ ಅವರು ಲೇಸನ್ನು ತಳದವರೆಗೆ ಸಡಿಲಿಸಿ, ನಾಲಿಗೆ ನೆಟ್ಟಗೆ ಮಾಡಿ, ಮತ್ತೆ ಮೊದಲಿನಿಂದ ಶುರು ಮಾಡಿದರು. ಕಿಟಕಿಯ ಬೆಕ್ಕಿಗೆ ನಾಲ್ಕು ಮರಿ ಆಗಿದ್ದವಂತೆ. ಒಂದೊಂದರ ಬಣ್ಣವೂ ಹೇಳಬೇಕಿತ್ತು. ಐಸಿನ ಮಧ್ಯದಿಂದ ಕೋಚ್ ಡಾನಾ ಕೈ ಬೀಸಿ ಕರೆದರು, ಕ್ಲಾಸು ಶುರುವಾಗಿತ್ತು.

ನಾನು ಮಂಕಿ ಕ್ಯಾಪು ಸರಿಮಾಡಿಕೊಂಡು, ಗಡಿಯಾರ ಕಟ್ಟಿದ ಕೈಯನ್ನು ಶಾಲಿನೊಳಗೆ ಎಳೆದುಕೊಂಡು, “ಇನ್ನೂ ಸ್ವಲ್ಪ ಹೊತ್ತು ಬೇಕು” ಎಂದು ಕೂಗಿ ಹೇಳಿದೆ.